ಹಲ್ಲಣ್ಣನ ತವರದ ಸೈನ್ಯ

"ಎತ್ತಿ, ಇನ್ನೊಂದು ಗೇಣು ಎತ್ತಿ! ಬಣ್ಣ ಹಸಿ ಇದೆ!" ಎಂದು ಲಾಂಡ್ರಿಯಕ್ಕ ಕೂಗಿದಳು.

ಶವದ ಪೆಟ್ಟಿಗೆ ಹೊತ್ತಿದ್ದ ನಾಲ್ವರೂ ಅವುಡುಗಚ್ಚಿ ಅದನ್ನು ಭುಜದಿಂದ ತಲೆಯ ಮಟ್ಟಕ್ಕೆ ಏರಿಸಿದರು. ಮುಂದೆ ಅವಳ ಮಗಳು ಮತ್ತು ಅಳಿಯ, ಹಿಂದೆ ಎದುರುಮನೆಯ ಪ್ಲಂಬರ್ ಮತ್ತು ವಾಚು ರಿಪೇರಿಯ ವಾಚಪ್ಪ. ನಡುಮನೆಯಿಂದ ಹೊರಬಾಗಿಲಿಗೆ ಇದ್ದದ್ದು ಒಂದೇ ದಾರಿ. ಆ ದಾರಿಗೆ ಅಡ್ಡವಾಗಿ ಸತ್ತವನ ಮೇಜಿತ್ತು. ಮೇಜೆಂದರೆ ಯಾರೋ ಮನೆ ಕೆಡವಿದಾಗ ಸಿಕ್ಕ ಹಳೇ ಬಾಗಿಲು. ಎರಡು ಸ್ಟ್ಯಾಂಡುಗಳ ಮೇಲೆ ಅಂಗಾತ ಮಲಗಿತ್ತು. ಅದರ ಮೇಲೆ ಹೆಬ್ಬೆರಳುದ್ದದ ತವರದ ಗೊಂಬೆಗಳು ಸಾಲುಗಟ್ಟಿ ನಿಂತಿದ್ದವು. ಕೊಡಲಿ ಹಿಡಿದ ಕುಬ್ಜರು, ಕೋರೆಹಲ್ಲಿನ ರಾಕ್ಷಸರು, ಕುದುರೆಯೇರಿದ ಅಸ್ಥಿಪಂಜರಗಳು, ಉದ್ದ ಗಡ್ಡದ ಒಬ್ಬ ಮಾಂತ್ರಿಕ. ಯಾವುದರ ಬಣ್ಣವೂ ಗೆರೆಯೊಳಗೆ ನಿಂತಿರಲಿಲ್ಲ. ಒಂದು ತುಕ್ಕು ಹಿಡಿದಂತಿತ್ತು, ಇನ್ನೊಂದು ಪಾಚಿ ಕಟ್ಟಿದಂತೆ, ಮತ್ತೊಂದು ಈಗಷ್ಟೇ ಕೆಸರಿನಿಂದೆದ್ದು ಬಂದು ಮೈ ಕೊಡವಿಕೊಂಡಂತೆ.

"ಮೇಜನ್ನೇ ಸರಿಸಬಹುದಿತ್ತಲ್ಲ ಅತ್ತೆ?" ಎಂದು ಅಳಿಯ ಏದುಸಿರು ಬಿಟ್ಟ.

"ಅದರ ಒಂದು ಕಾಲು ಕುಂಟು. ಸರಿಸಿದ್ರೆ ಎಲ್ಲಾ ಉರುಳ್ಕೋತವೆ. ಆ ಕೊನೇ ಹನ್ನೆರಡಕ್ಕೆ ಮೊನ್ನೆ ಬೆಳಿಗ್ಗೆ ಹೊಸದಾಗಿ ಬಣ್ಣ ಹಚ್ಚಿದ್ದು. ಎಣ್ಣೆ ಬಣ್ಣ ಒಣಗೋಕೆ ನಾಲ್ಕು ದಿನ ಬೇಕು."

"ಅಪ್ಪ ಇದ್ದಿದ್ರೆ ಏನನ್ನೋರು ಗೊತ್ತಾ?" ಎಂದಳು ಮಗಳು. ಸಿಟಿ ಬಸ್ಸು ಓಡಿಸುವ ಅವಳ ತೋಳು ಅಳಿಯನ ತೋಳಿಗಿಂತ ಗಟ್ಟಿಯಾಗಿತ್ತು. "ನನ್ನ ಬೇಕಾದ್ರೆ ಬೀಳಿಸ್ರೋ, ಅವನ್ನ ಬೀಳಿಸ್ಬೇಡಿ ಅನ್ನೋರು."

ಪ್ಲಂಬರ್‌ಗೆ ನಗು ತಡೆಯಲಾಗಲಿಲ್ಲ. ಪೆಟ್ಟಿಗೆ ತೂಗಾಡಿತು.

"ನಗಿಸ್ಬೇಡಮ್ಮಾ, ಕೈ ಜಾರುತ್ತೆ!"

ಹೀಗೆ ಹಲ್ಲಣ್ಣ ತನ್ನ ಸೈನ್ಯದ ತಲೆಯ ಮೇಲಿಂದ ತೇಲುತ್ತಾ ಹೊರಗೆ ಹೋದ. ಒಂದು ಗೊಂಬೆಯೂ ಅಲುಗಲಿಲ್ಲ.

ವಾಚಪ್ಪ ಒಬ್ಬ ನಕ್ಕಿರಲಿಲ್ಲ. ಅವನು ನಗುವ ಪೈಕಿಯೇ ಅಲ್ಲವೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಗಮನಿಸಲಿಲ್ಲ. ಆದರೆ ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಅವನು ಹಲ್ಲಣ್ಣನ ಮುಖಕ್ಕಿಂತ ಹೆಚ್ಚು ಹೊತ್ತು ಹಲ್ಲಣ್ಣನ ಕೋಟನ್ನು ನೋಡಿದ್ದ. ಕಂದು ಬಣ್ಣದ, ಹಳೇ ಕಾಲದ ಅಗಲ ಕಾಲರಿನ ಕೋಟು. ತೋಳು ಒಂದಿಷ್ಟು ಉದ್ದವಾಗಿ ಬೆರಳಿನ ಬುಡದವರೆಗೂ ಬಂದಿತ್ತು. ನಾಲ್ಕು ಗುಂಡಿಗಳಲ್ಲಿ ಮೂರನೆಯದು ಮಾತ್ರ ಕಪ್ಪು. ಅವನು ಏನೋ ಕೇಳಲು ಬಾಯಿ ತೆರೆದು, ಲಾಂಡ್ರಿಯಕ್ಕನ ಮುಖ ನೋಡಿ, ಮುಚ್ಚಿಕೊಂಡಿದ್ದ. ಲಾಂಡ್ರಿಯಕ್ಕ ಆಗ ಯಾಕೋ ಬೇಗ ಬೇಗ ಮುಚ್ಚಳ ಎಳೆದಿದ್ದಳು.

*

ಹಲ್ಲಣ್ಣನಿಗೆ ಆ ಹೆಸರು ಬಂದದ್ದು ಅವನ ಹಲ್ಲಿನಿಂದಲ್ಲ, ಊರವರ ಹಲ್ಲಿನಿಂದ. ಮೂವತ್ತೆಂಟು ವರ್ಷ ಅವನು ಡಾಕ್ಟರಮ್ಮನ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿದ. ಮೇಣದಲ್ಲಿ ಒಸಡು ತಿದ್ದಿ, ಚಿಮಟದಲ್ಲಿ ಒಂದೊಂದೇ ಹಲ್ಲು ಹಿಡಿದು ಕೂರಿಸುತ್ತಿದ್ದ. ಮುತ್ತು ಪೋಣಿಸಿದಂಥ ಸಾಲು ಅವನಿಗೆ ಹಿಡಿಸುತ್ತಿರಲಿಲ್ಲ. "ತೀರಾ ನೆಟ್ಟಗಿದ್ರೆ ಸುಳ್ಳು ಅಂತ ಗೊತ್ತಾಗ್ಬಿಡುತ್ತೆ. ಒಂದು ಹಲ್ಲಾದ್ರೂ ಪಕ್ಕದ್ದರ ಜೊತೆ ಜಗಳ ಆಡಿರ್ಬೇಕು" ಎಂದು ಒಂದನ್ನು ಕೂದಲೆಳೆಯಷ್ಟು ವಾರೆ ಮಾಡುತ್ತಿದ್ದ. ಟೀ ಕುಡಿಯುವವರ ಹಲ್ಲಿಗೆ ಟೀಯ ಕಲೆಯನ್ನೂ ಹಚ್ಚಿ ಕೊಡುತ್ತಿದ್ದ.

ಅರವತ್ತಮೂರನೇ ವಯಸ್ಸಿಗೆ ಬಲಗೈ ನಡುಗತೊಡಗಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಒಂದು ಮಧ್ಯಾಹ್ನ ಒಂದೇ ಮುಂಬಲ್ಲು ಚಿಮಟದಿಂದ ಮೂರು ಸಲ ಜಾರಿ ನೆಲಕ್ಕೆ ಬಿತ್ತು. ಅವನು ಮೂರನೇ ಸಲ ಅದನ್ನು ಹೆಕ್ಕಲಿಲ್ಲ. ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಡಾಕ್ಟರಮ್ಮನ ಮುಂದೆ ಹೋಗಿ ನಿಂತ.

"ನಾಳೆಯಿಂದ ಬರಲ್ಲಮ್ಮ. ಕೈ ನನ್ನ ಮಾತು ಕೇಳ್ತಿಲ್ಲ."

ಮೂರು ತಿಂಗಳು ಕಿಟಕಿಯ ಬಳಿ ಕೂತ. ಬೀದಿಯಲ್ಲಿ ಹೋಗುವ ಬಸ್ಸುಗಳ ನಂಬರೆಲ್ಲ ಬಾಯಿಪಾಠವಾದವು. ಯಾರಾದರೂ ಮನೆಗೆ ಬಂದರೆ ತನಗೆ ಟೀ ಬೇಡವೆನ್ನುತ್ತಿದ್ದ. ಕಪ್ ಸಾಸರಿನ ಮೇಲೆ ಟಕಟಕ ಸದ್ದು ಮಾಡುವುದು ಬಂದವರ ಕಿವಿಗೆ ಬೀಳಬಾರದಿತ್ತು.

ಲಾಂಡ್ರಿಯಕ್ಕ ಮೂರು ತಿಂಗಳು ಕಾದಳು. ಮನೆಯ ಕೆಳಗೇ ಅವಳ ಅಂಗಡಿ. ಊರಿನಲ್ಲಿ ಯಾರ ಬಟ್ಟೆಯ ಮೇಲೆ ಏನೇ ಚೆಲ್ಲಲಿ, ಮಸಿ, ಗ್ರೀಸು, ರಕ್ತ, ತುಕ್ಕು, ಅದನ್ನು ಅವಳು ತೆಗೆಯುತ್ತಿದ್ದಳು. ಅಂಗಡಿಯ ಹಿಂದಿನ ಗೋಡೆಗೆ ಒಂದು ಕಪಾಟು. ಅದರಲ್ಲಿ ಯಾರೂ ವಾಪಸ್ ಒಯ್ಯದ ಬಟ್ಟೆಗಳು. ಬೇರೆ ಲಾಂಡ್ರಿಗಳು ಆರು ತಿಂಗಳಿಗೆ ಮಾರಿಬಿಡುತ್ತಿದ್ದವು. ಇವಳು ಮಾರುತ್ತಿರಲಿಲ್ಲ. "ಗಿರಾಕಿಗೆ ಮರೆವು ಬರಬಹುದು, ಅಂಗಡಿಗೆ ಬರಬಾರದು" ಎನ್ನುವುದು ಅವಳ ಕಟ್ಟಳೆ. ಆ ಕಪಾಟಿನ ತೀರಾ ಮೇಲಿನ ಹಲಗೆಯ ಮೇಲೆ, ಇಪ್ಪತ್ತೊಂದು ವರ್ಷದಿಂದ, ಒಂದು ಕಂದು ಕೋಟು ಮತ್ತು ಒಂದು ಬೂಟಿನ ಡಬ್ಬಿ ಇದ್ದವು. ಎರಡೂ ಒಂದೇ ಚೀಲದಲ್ಲಿ ಬಂದಿದ್ದವು. ಯಾರು ತಂದುಕೊಟ್ಟರೆಂಬುದು ಅವಳಿಗೂ ನೆನಪಿರಲಿಲ್ಲ.

ಒಂದು ಬೆಳಿಗ್ಗೆ ಆ ಡಬ್ಬಿಯನ್ನು ತಂದು ಗಂಡನ ತೊಡೆಯ ಮೇಲೆ ಸುರಿದಳು. ನಲವತ್ತಮೂರು ತವರದ ಗೊಂಬೆಗಳು ಬಿದ್ದವು, ಒಂದೊಂದರ ಮೇಲೂ ಗಂಜಿ ಮೆತ್ತಿದಂತೆ ದಪ್ಪ ಬಣ್ಣ. ಯಾವುದೋ ಮಗು ಬಳಿದದ್ದೆಂದು ನೋಡಿದರೇ ತಿಳಿಯುತ್ತಿತ್ತು.

"ಏನೇ ಇದು?"

"ಯುದ್ಧದ ಆಟದ ಗೊಂಬೆಗಳಂತೆ. ಮೇಜಿನ ಮೇಲೆ ಗುಡ್ಡ, ಹೊಳೆ ಎಲ್ಲಾ ಜೋಡಿಸಿ, ಪಟ್ಟಿ ಹಿಡಿದು ಅಳೆದು ಸೈನ್ಯ ನಡೆಸ್ತಾರಂತೆ, ದಾಳ ಹಾಕಿ ಹೊಡೆದಾಡ್ತಾರಂತೆ. ಬಣ್ಣ ಹೊಡೀರಿ ಇವಕ್ಕೆ."

"ಈ ಕೈಯಲ್ಲಾ?"

ಆದರೂ ಒಂದು ದಿನ ಕಳೆದ ಮೇಲೆ ಸಣ್ಣ ಬ್ರಷ್ಷು ಹಿಡಿದ. ರಾಕ್ಷಸನಿಗೆ ಕಣ್ಣಿಡಲು ಹೋದರೆ ಚುಕ್ಕೆ ಕಿವಿಗೆ ಬಿತ್ತು. ಮತ್ತೆ ಇಟ್ಟ, ಮೂಗಿಗೆ ಬಿತ್ತು. ಬ್ರಷ್ಷನ್ನು ಗೋಡೆಗೆಸೆದ. ಲಾಂಡ್ರಿಯಕ್ಕ ಯಾರದೋ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದವಳು ತಲೆಯೆತ್ತದೆಯೇ ಹೇಳಿದಳು:

"ಕಲೆ ಮಾಡೋಕೆ ಕೈ ನೆಟ್ಟಗಿರ್ಬೇಕು ಅಂತ ಯಾರು ಹೇಳಿದ್ದು ನಿಮಗೆ? ದಿನಾ ನೋಡ್ತೀನಲ್ಲ ನಾನು. ಟೀ ಚೆಲ್ಲಿದ್ರೆ ಅದಕ್ಕೆ ಯಾರೂ ದಾರಿ ತೋರಿಸಲ್ಲ. ತಾನಾಗೇ ಮಡಿಕೆಯ ತಗ್ಗು ಹುಡುಕ್ಕೊಂಡು ಹೋಗಿ ಕೂತ್ಕೊಳ್ಳುತ್ತೆ."

ಹಲ್ಲಣ್ಣ ಎದ್ದು ಒಲೆಯ ಮೇಲಿದ್ದ ಟೀಯ ಚರಟವನ್ನು ಲೋಟಕ್ಕೆ ಬಗ್ಗಿಸಿ, ಒಂದು ಕುಬ್ಜನನ್ನು ತಲೆಕೆಳಗಾಗಿ ಅದ್ದಿ ತೆಗೆದ. ಕಂದು ನೀರು ಗಡ್ಡದ ಎಳೆಗಳ ನಡುವೆ, ಅಂಗಿಯ ನೆರಿಗೆಗಳಲ್ಲಿ, ಬೆರಳುಗಳ ಸಂದಿಯಲ್ಲಿ ಇಳಿದು ನಿಂತಿತು. ಮುದುಕ ಕುಬ್ಜ ಒಮ್ಮೆಲೇ ಉಸಿರಾಡಿದಂತಾಯಿತು.

"ಏ, ಬಾರೇ ಇಲ್ಲಿ! ನೋಡೇ!"

ಅಂದಿನಿಂದ ಮನೆಯಲ್ಲಿ ಯಾವ ಸಾಮಾನೂ ಅದರ ಕೆಲಸಕ್ಕೇ ಉಳಿಯಲಿಲ್ಲ. ಹಳೇ ಬಣ್ಣವನ್ನು ಲಾಂಡ್ರಿಯಕ್ಕ ತನ್ನ ಕಲೆ ತೆಗೆಯುವ ದ್ರಾವಣದಲ್ಲಿ ನೆನೆಸಿ ತೆಗೆದುಕೊಟ್ಟಳು. ಪಾತ್ರೆ ತೊಳೆಯುವ ಸ್ಪಂಜಿನ ಚೂರಿನಿಂದ ಒತ್ತಿ ತುಕ್ಕು ಮಾಡಿದ. ಮಗಳ ಉಗುರುಬಣ್ಣ ರಾಕ್ಷಸರ ಗಾಯವಾಯಿತು. ಸೆಟ್ಟಿನ ಒಸಡಿಗೆ ಹಾಕುವ ಗುಲಾಬಿ ಪುಡಿ ನಾಲಿಗೆಗಳಿಗೆ ಹೋಯಿತು. ಕಡಿದಾಗ ಯಾವ ಹಲ್ಲು ಯಾವುದಕ್ಕೆ ತಾಗುತ್ತದೆಂದು ನೋಡಲು ಬಾಯಿಗಿಡುವ ನೀಲಿ ಕಾಗದವನ್ನು ಕವಚಗಳ ಮೇಲೆ ಸುಮ್ಮನೆ ಉಜ್ಜಿದ. ಉಬ್ಬಿದ ಅಂಚುಗಳಷ್ಟೇ ನೀಲಿಯಾಗಿ ಉಕ್ಕಿನಂತೆ ಹೊಳೆದವು. ಎಲ್ಲಕ್ಕಿಂತ ಮೇಲಾಗಿ ಹಲ್ಲುಜ್ಜುವ ಬ್ರಷ್ಷು. ಅದನ್ನು ತೆಳು ಬಣ್ಣದಲ್ಲಿ ಅದ್ದಿ ಹೆಬ್ಬೆರಳಿನಿಂದ ಎಳೆದರೆ ಸಣ್ಣ ಸೋನೆಯಂತೆ ಹನಿ ಉದುರುತ್ತಿತ್ತು. ಗಟ್ಟಿ ಕೈಯವರು ಹೊಡೆದರೆ ಹನಿಯೆಲ್ಲ ಒಂದೇ ಕಡೆ. ನಡುಗುವ ಕೈಯಲ್ಲಿ ಮಾತ್ರ ಪಾಚಿಯಂತೆ, ಪಾಚಿಗೆ ಇಷ್ಟ ಬಂದಲ್ಲಿ.

ಆ ವಾರ ಬಂದ ನೆಂಟರ ಮುಂದೆ ಅವನು ಟೀ ತಗೊಂಡ. ಕಪ್ ಸಾಸರಿನ ಮೇಲೆ ಟಕಟಕ ಎಂದಿತು.

"ಕೇಳಿಸ್ತಾ? ಕೆಲಸಕ್ಕೆ ಕರೀತಿದೆ" ಎಂದು ಕೈ ತೋರಿಸಿ ನಕ್ಕ.

*

ಮಣ್ಣು ಮಾಡುವ ಜಾಗದಲ್ಲಿ ಅರವತ್ತು ಜನ ಸೇರಿದ್ದರು. ಹಲ್ಲಿನ ಸೆಟ್ಟು ಮಾಡುವವನಿಗೆ ಇಷ್ಟು ಜನವೇ ಎಂದು ಗುಂಡಿ ತೋಡಿದವನೂ ಬೆರಗಾದ.

ಡಾಕ್ಟರಮ್ಮನಿಗೆ ಈಗ ಎಂಬತ್ತು. ಕೋಲೂರಿಕೊಂಡು ಮುಂದೆ ಬಂದು ಗಂಟಲು ಸರಿ ಮಾಡಿಕೊಂಡರು.

"ನಾನು ಭಾಷಣ ಮಾಡಲ್ಲ. ನನ್ನ ಹತ್ರ ಬಂದವರ ಬಾಯಿ ತೆಗೆಸೋದೇ ನನ್ನ ಕೆಲಸ, ನನ್ನ ಬಾಯಿ ತೆಗೆಯೋದಲ್ಲ." ಒಂದೆರಡು ಕಡೆ ನಗು ಕೇಳಿತು. "ಒಂದು ಮಾತು ಕೇಳ್ತೀನಿ, ನಾಚ್ಕೋಬೇಡಿ. ಇಲ್ಲಿ ಎಷ್ಟು ಜನರ ಬಾಯಲ್ಲಿ ಇವನ ಕೈಕೆಲಸ ಇದೆ?"

ಯಾರೂ ಕೈಯೆತ್ತಲಿಲ್ಲ. ಪಕ್ಕದವರ ಮುಖ ಪಕ್ಕದವರು ನೋಡಿದರು.

"ಕೈ ಎತ್ತೋದು ಬೇಡ ಬಿಡಿ," ಎಂದರು ಡಾಕ್ಟರಮ್ಮ. "ನಾನೇ ಕಂಡುಹಿಡೀತೀನಿ. ಒಂದ್ಸಲ ಇವನು ಒಬ್ಬ ಮೇಷ್ಟ್ರಿಗೆ ಸೆಟ್ಟು ಕೊಟ್ಟ. ಮೇಷ್ಟ್ರು ಹಾಕ್ಕೊಂಡು ಕನ್ನಡಿ ನೋಡಿ, 'ಇದು ನನ್ನ ಹಳೇ ಹಲ್ಲಿನ ಥರಾನೇ ಸೊಟ್ಟಗಿದೆಯಲ್ಲೋ, ದುಡ್ಡು ಕೊಟ್ಟು ಮಾಡಿಸಿದ್ದು ಯಾಕೆ' ಅಂದ್ರು. ಇವನು, 'ಸಾರ್, ಹೊಸದಾಗಿ ಚೆಂದ ಮಾಡಿಕೊಟ್ರೆ ನಿಮ್ಮ ಹೆಂಡ್ತಿ ಬಾಗಿಲು ತೆಗೀಬೇಕಲ್ಲ' ಅಂದ!"

ಗುಂಪಿನ ಹಿಂಬದಿಯಿಂದ ಒಬ್ಬ ಮುದುಕಿಯ ದನಿ ಬಂತು: "ಆ ಹೆಂಡ್ತಿ ನಾನೇ. ಅವರೇನಾದ್ರೂ ಸಿನಿಮಾ ಹೀರೋ ಥರ ಬಂದಿದ್ರೆ ಖಂಡಿತ ತೆಗೀತಿರಲಿಲ್ಲ!"

ವಾಚಪ್ಪನೊಬ್ಬನನ್ನು ಬಿಟ್ಟು ಅಷ್ಟೂ ಜನ ನಕ್ಕುಬಿಟ್ಟರು. ಗುಂಡಿಯ ಸುತ್ತ ಬಾಯಿಗಳು ತೆರೆದುಕೊಂಡವು. ಡಾಕ್ಟರಮ್ಮ ಕೋಲೆತ್ತಿ ಒಂದೊಂದೇ ಬಾಯಿಗೆ ಗುರಿಯಿಟ್ಟು, "ಅಲ್ಲೊಂದು, ಅಲ್ಲೊಂದು, ಆ ಕಂಬದ ಹತ್ರ ಎರಡು" ಎಂದು ತೋರಿಸುತ್ತಾ ಹೋದರು. ಸಿಕ್ಕಿಬಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ಇನ್ನಷ್ಟು ನಕ್ಕರು. ಲಾಂಡ್ರಿಯಕ್ಕ ಅಳುವುದೋ ನಗುವುದೋ ತಿಳಿಯದೆ ಮಗಳ ಹೆಗಲಿಗೆ ಮುಖ ಒತ್ತಿಕೊಂಡಳು.

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು. ವಾಚಪ್ಪ ತನ್ನ ಸರದಿ ಬಂದಾಗ ಮಣ್ಣು ಹಿಡಿದು ಬಹಳ ಹೊತ್ತು ನಿಂತ. ಕೊನೆಗೆ ಬೆರಳು ಸಡಿಲಿಸಿ ನಿಧಾನವಾಗಿ ಉದುರಿಸಿದ. ನಂತರ ಗುಂಡಿಗೆ ಎರಡು ಸಲ ತಲೆಬಾಗಿದ. ಎರಡನೇ ಸಲ ಯಾಕೆಂದು ನೋಡಿದವರಿಗೆ ತಿಳಿಯಲಿಲ್ಲ.

*

ಯುದ್ಧದಾಟದವರದೊಂದು ಕ್ಲಬ್ಬು ಊರಿನಲ್ಲಿತ್ತು. ವಾಚಪ್ಪ ಅದರ ಕಾರ್ಯದರ್ಶಿ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಎಂಟೊಂಬತ್ತು ಜನ ಸೇರುತ್ತಿದ್ದರು. ಹಲ್ಲಣ್ಣ ಅಲ್ಲಿಗೆ ಮೊದಲ ಸಲ ತನ್ನ ಸೈನ್ಯವನ್ನು ಬ್ರೆಡ್ಡಿನ ಟ್ರೇಯಲ್ಲಿ ಹೊತ್ತುಕೊಂಡು ಬಂದದ್ದು ಎಂಟು ವರ್ಷದ ಹಿಂದೆ, ವರ್ಷದ ಪ್ರದರ್ಶನದ ದಿನ.

ವಾಚಪ್ಪ ಆಗ ಗಾಜಿನ ಬೀರುವಿನಲ್ಲಿ ತನ್ನ ಸೈನಿಕರನ್ನು ಇಡುತ್ತಿದ್ದ. ಅವನ ಸೈನಿಕರ ಅಂಗಿಯ ಗುಂಡಿಗೂ ನೆರಳಿತ್ತು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಒಂದು ಗೊಂಬೆಗೆ ಮೂರು ತಿಂಗಳು ತಗೊಳ್ಳುತ್ತಿದ್ದ. ಹಲ್ಲಣ್ಣನ ಟ್ರೇ ನೋಡಿದ್ದೇ ಅವನ ಕೈ ನಿಂತಿತು. ಮಾಂತ್ರಿಕನ ಮೇಲೆ ಕಣ್ಣು ನೆಟ್ಟು ಬಹಳ ಹೊತ್ತು ನಿಂತ. ಆಮೇಲೆ ಹೇಳಿದ:

"ಇವನ್ನ ಬೀರುವಿನಲ್ಲಿ ಇಡೋಕಾಗಲ್ಲ."

"ಯಾಕೆ ಸ್ವಾಮಿ?"

"ನಿಯಮ ಇದೆ. ಬಣ್ಣ ಗೆರೆ ದಾಟಬಾರದು. ಇದೇನು ಬಣ್ಣಾನಾ? ಚೆಲ್ಲಿದ್ದು, ಸಿಡಿಸಿದ್ದು, ಒರೆಸಿದ್ದು. ಯಾವ ಬ್ರಷ್ಷಿನಲ್ಲಿ ಮಾಡಿದ್ರಿ?"

"ಹಲ್ಲುಜ್ಜೋ ಬ್ರಷ್ಷಿನಲ್ಲಿ."

ಸುತ್ತಲಿದ್ದವರು ಕಿಸಕ್ಕೆಂದರು. ವಾಚಪ್ಪ ಕೆಂಪಾದ. ಹಲ್ಲಣ್ಣನಿಗೆ ಮಾತ್ರ ಬೇಸರವಾದಂತೆ ಕಾಣಲಿಲ್ಲ. "ಸರಿ, ಬೀರು ಬೇಡ. ಮೇಜಿದೆಯಲ್ಲ? ಆಟ ಆಡೋಕೆ ಗೆರೆ ನಿಯಮ ಇಲ್ಲ ತಾನೇ?" ಎಂದು ಟ್ರೇಯನ್ನು ಮೇಜಿನ ಮೇಲಿಟ್ಟು ಎದುರಿನ ಕುರ್ಚಿ ತೋರಿಸಿದ.

ವಾಚಪ್ಪ ಕೂತ. ಯಾಕೆ ಕೂತನೆಂದು ಅವನಿಗೂ ತಿಳಿಯಲಿಲ್ಲ. ಅಂದು ಅವನ ನಿಷ್ಕಳಂಕ ಸೈನ್ಯ ಹಲ್ಲಣ್ಣನ ಕೊಳಕು ಸೈನ್ಯದ ಕೈಯಲ್ಲಿ ಒಂದೂವರೆ ಗಂಟೆಯಲ್ಲಿ ಮಣ್ಣುಮುಕ್ಕಿತು. ದಾಳ ಹಾಕುವಾಗ ಹಲ್ಲಣ್ಣನ ಕೈ ತಾನಾಗೇ ಕುಲುಕುತ್ತಿತ್ತು. "ನೋಡಿ, ಇದಕ್ಕೂ ನಂಗೆ ಶ್ರಮ ಇಲ್ಲ" ಎಂದು ಅವನು ಕಣ್ಣು ಮಿಟುಕಿಸಿದ.

ಎಂಟು ವರ್ಷ ಒಂದು ಶನಿವಾರವೂ ತಪ್ಪಲಿಲ್ಲ. ಪ್ರತಿ ವರ್ಷ ಪ್ರದರ್ಶನಕ್ಕೆ ಹಲ್ಲಣ್ಣ ಟ್ರೇ ತರುತ್ತಿದ್ದ, ವಾಚಪ್ಪ ನಿಯಮ ಹೇಳುತ್ತಿದ್ದ, ಇಬ್ಬರೂ ಆಟಕ್ಕೆ ಕೂರುತ್ತಿದ್ದರು. "ಒಂದಿನ ಮನೆಗೆ ಬನ್ನಿ ವಾಚಪ್ನೋರೇ, ನಿಮಗೊಂದು ತೋರಿಸೋದಿದೆ" ಎಂದು ಹಲ್ಲಣ್ಣ ಆಗಾಗ ಕರೆಯುತ್ತಿದ್ದ. ವಾಚಪ್ಪನಿಗೆ ಯಾವಾಗಲೂ ಅಂಗಡಿಯಲ್ಲಿ ಕೆಲಸವಿರುತ್ತಿತ್ತು.

*

ಮಣ್ಣು ಮಾಡಿ ಬಂದವರಲ್ಲಿ ಹತ್ತಿರದ ಕೆಲವರು ಮನೆಗೆ ಬಂದು ಟೀ ಕುಡಿಯುತ್ತಿದ್ದರು. ಕುರ್ಚಿ ಸಾಲದೆ ಪ್ಲಂಬರ್ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ. ಡಾಕ್ಟರಮ್ಮ ಗೊಂಬೆಗಳ ಮೇಲೆ ಬಗ್ಗಿ, "ಇದು ನನ್ನ ಆಸ್ಪತ್ರೆಯ ಗುಲಾಬಿ ಪುಡಿ ಅಲ್ವಾ? ಕಳ್ಳ!" ಎನ್ನುತ್ತಿದ್ದರು.

ವಾಚಪ್ಪ ಲೋಟವನ್ನು ಕೆಳಗಿಟ್ಟು ಲಾಂಡ್ರಿಯಕ್ಕನ ಮುಂದೆ ಬಂದ.

"ಅಕ್ಕಾ, ಒಂದು ಮಾತು. ಆ ಕೋಟು ಎಲ್ಲಿಂದ ಬಂತು?"

ಲಾಂಡ್ರಿಯಕ್ಕನ ಕೈಯಲ್ಲಿದ್ದ ಟೀಯ ಕೆಟಲ್ ಅರ್ಧಕ್ಕೇ ನಿಂತಿತು. ಬೆಳಿಗ್ಗೆಯಿಂದ ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿದ್ದ ವಿಷಯ ಅದೊಂದೇ.

"ಅಂಗಡೀದು," ಎಂದಳು ಮೆಲ್ಲಗೆ. "ಯಾರೋ ಗಿರಾಕಿ ಬಿಟ್ಟುಹೋದದ್ದು. ಇವರದು ಅಂತ ಇದ್ದದ್ದು ಒಂದೇ ಕೋಟು. ತೆಗೆದು ನೋಡ್ತೀನಿ, ಎದೆ ತುಂಬಾ ಹಸಿರು ಬಣ್ಣ! ಊರವರ ಕಲೆ ತೆಗೆದೆ, ಮನೇದು ನೋಡ್ಲೇ ಇಲ್ಲ. ಗಡಿಬಿಡೀಲಿ ಏನ್ಮಾಡ್ಲಿ? ಅದನ್ನೇ ಹಾಕಿ ಕಳಿಸ್ಬಿಟ್ಟೆ. ಆ ಗೊಂಬೆ ಡಬ್ಬಿ ಒಂದು ಬಿಟ್ರೆ, ಅಂಗಡಿ ಮುಚ್ಚಿದ ಮೇಲೂ ಗಿರಾಕಿ ಬಟ್ಟೆ ಒಂದನ್ನೂ ಮುಟ್ಟಿರಲಿಲ್ಲ. ಇವತ್ತೇ ಮುಟ್ಟಿದ್ದು. ಇನ್ನು ಅವರು ಬಂದು ಕೇಳಿದ್ರೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಬಂದಿದಾರೆ," ಎಂದ ವಾಚಪ್ಪ. "ನಂದೇ ಅದು. ನಮ್ಮಪ್ಪಂದು."

ಡಾಕ್ಟರಮ್ಮ ಗೊಂಬೆಗಳಿಂದ ತಲೆಯೆತ್ತಿ ಅವನ ಕಡೆ ನೋಡಿದರು.

"ಮೂರನೇ ಗುಂಡಿ ಕಪ್ಪು. ನಾನೇ ಹೊಲಿದದ್ದು. ಅಪ್ಪ ತೀರಿಕೊಂಡ ವಾರ ಒಗೆಯೋಕೆ ಕೊಡೋಣ ಅಂತ ತಂದೆ. ಅದೇ ಚೀಲದಲ್ಲಿ ಒಂದು ಬೂಟಿನ ಡಬ್ಬಿ ಇತ್ತು. ಕಸಕ್ಕೆ ಹಾಕೋಕೆ ಹೊರಟಿದ್ದೆ, ಕೈ ಬರ್ಲಿಲ್ಲ. ಚೀಲದ ಸಮೇತ ನಿಮ್ಮ ಮುಂದೆ ಇಟ್ಟು ಹೋದೆ. ಆಮೇಲೆ ಕೋಟೂ ಬೇಡ ಅನ್ನಿಸ್ತು."

ಲಾಂಡ್ರಿಯಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನಿಮ್ಮಪ್ಪನ ಕೋಟನ್ನ ನಿಮ್ಮ ಕಣ್ಣೆದುರೇ ಹೂತುಬಂದ್ವಲ್ಲಪ್ಪಾ! ಅದಕ್ಕೆ ನೀವೇ ಹೆಗಲು ಕೊಟ್ರಿ!"

ವಾಚಪ್ಪನ ಮುಖದಲ್ಲಿ ಏನೋ ಸಡಿಲಾಯಿತು. ಭುಜ ಕುಲುಕಿತು. ಅಳುತ್ತಿದ್ದಾನೆಂದುಕೊಂಡು ಅಳಿಯ ಹತ್ತಿರ ಬಂದ. ಅಳುತ್ತಿರಲಿಲ್ಲ. ಎಂಟು ವರ್ಷದಲ್ಲಿ ಯಾರೂ ಕಂಡಿರದ ಆ ನಗು ಹೊಟ್ಟೆಯಿಂದ ಎದ್ದು, ಮೂಗಿನಿಂದ ನುಗ್ಗಿ, ಕೊನೆಗೆ ಬಾಯಿ ಸಿಕ್ಕಿ ಹೊರಬಂತು.

"ಎರಡ್ಸಲ... ಎರಡ್ಸಲ ತಲೆ ಬಾಗಿದೆ ಅಕ್ಕಾ, ಒಂದು ಹಲ್ಲಣ್ಣಂಗೆ, ಒಂದು ಕೋಟಿಗೆ!"

ಪ್ಲಂಬರ್ ಕಟ್ಟೆಯಿಂದ ಜಾರಿದ. ಮಗಳು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡಳು. ನಗು ಇಳಿಯಲು ಬಹಳ ಹೊತ್ತು ಹಿಡಿಯಿತು.

ಕಣ್ಣೊರೆಸಿಕೊಂಡು ಮಗಳು ಕೇಳಿದಳು: "ಅಂದ್ರೆ ಮಾಮ, ಈ ಗೊಂಬೆಗಳೂ ನಿಮ್ಮದಾ? ಗೊತ್ತಿತ್ತಾ ನಿಮಗೆ?"

"ಮೊದಲ ದಿನವೇ ಗೊತ್ತಾಯ್ತು. ಆ ಮಾಂತ್ರಿಕನ ಕೋಲು ನೋಡಮ್ಮ. ನಿಮಿಷದ ಮುಳ್ಳು ಅದು. ಕೋಲು ಮುರಿದಾಗ ನಾನೇ ಹಾಕಿದ್ದು, ಹನ್ನೆರಡು ವರ್ಷದವನಿದ್ದಾಗ." ಅವನು ಕುರ್ಚಿ ಎಳೆದುಕೊಂಡು ಕೂತ. "ಆ ವಯಸ್ಸಲ್ಲಿ ಎಲ್ಲಕ್ಕೂ ಬಣ್ಣ ಬಳಿದೆ. ಒಂದು ಡ್ರ್ಯಾಗನ್ ಇತ್ತು, ಅದಂದ್ರೆ ನಂಗೆ ಪ್ರಾಣ. ಅಪ್ಪನಿಗೆ ತೋರಿಸೋಕೆ ಅವರ ವಾಚಿನ ಅಂಗಡಿಗೆ ಒಯ್ದೆ. ಅವರು ಅದನ್ನ ಗಿರಾಕಿಗಳ ಮುಂದೆ ಕೌಂಟರ್ ಮೇಲಿಟ್ಟು ನಕ್ಕರು. 'ಈ ಕೈಗೆ ಯಾರು ವಾಚು ಕೊಡ್ತಾರೆ ನೋಡ್ತೀನಿ' ಅಂದ್ರು. ಅವತ್ತಿಂದ ನಾನು ಗೆರೆ ದಾಟಿಲ್ಲ."

ವಾಚಪ್ಪ ಮೇಜಿನ ಮೇಲಿದ್ದ ಮಾಂತ್ರಿಕನ ಕಡೆ ತಿರುಗಿದ.

"ಹಲ್ಲಣ್ಣನ ಟ್ರೇಯಲ್ಲಿ ಅವನ್ನೆಲ್ಲ ನೋಡಿದಾಗ, ಯಾರೋ ಮತ್ತೆ ಕೌಂಟರ್ ಮೇಲಿಟ್ಟ ಹಾಗಾಯ್ತು. ಅದಕ್ಕೇ ಬೀರು ಬೇಡ ಅಂದೆ. ಅವರೋ, ಪ್ರತಿ ಶನಿವಾರ ಆ ಮಾಂತ್ರಿಕನ್ನೇ ತಂದು ನನ್ನ ಮುಂದೆ ನಿಲ್ಲಿಸ್ತಿದ್ರು. ಡ್ರ್ಯಾಗನ್ ಮಾತ್ರ ಕಾಣಲಿಲ್ಲ. ಕರಗಿಸಿರಬೇಕು ಅಂದುಕೊಂಡೆ. ಕೇಳೋಕೆ ಬಾಯಿ ಬರಲಿಲ್ಲ."

ಲಾಂಡ್ರಿಯಕ್ಕ ಎದ್ದು ಒಳಗೆ ಹೋದಳು. ಮಲಗುವ ಕೋಣೆಯ ಕಿಟಕಿಯಿಂದ, ಗಾಜಿನ ಲೋಟ ಬೋರಲು ಹಾಕಿಟ್ಟಿದ್ದ ಒಂದು ಗೊಂಬೆಯನ್ನು ಎರಡೂ ಕೈಯಲ್ಲಿ ತಂದು ಅವನ ಮುಂದಿಟ್ಟಳು. ಕಡುನೇರಳೆ ಮೈ, ಬಣ್ಣ ಬೆರಳ ಗುರುತಿನ ಸಮೇತ ಗಟ್ಟಿಯಾಗಿತ್ತು. ರೆಕ್ಕೆ ಹಳದಿ.

"ಇದೊಂದನ್ನ ದ್ರಾವಣಕ್ಕೆ ಹಾಕೋಕೆ ಹೋದೆ. ನನ್ನ ಕೈ ಹಿಡ್ಕೊಂಡ್ರು. 'ಬಾಯಿ ನೋಡೇ, ಇದರ ಬಾಯಿ ನೋಡು' ಅಂತ ಕೂಗಾಡಿದ್ರು. ಮೂವತ್ತೆಂಟು ವರ್ಷ ಹಲ್ಲು ಮಾಡಿದೋರು! ಮನೆಗೆ ಬಂದವರಿಗೆಲ್ಲ ತೋರಿಸೋರು. ಟ್ರೇಯಲ್ಲಿ ಯಾಕೆ ಒಯ್ಯಲ್ಲ ಅಂದ್ರೆ, 'ಇದು ನನ್ನ ಕೆಲಸ ಅಲ್ಲ, ಆ ಹುಡುಗಂದು. ಅವನು ಬಂದು ನೋಡ್ಬೇಕು' ಅನ್ನೋರು."

ವಾಚಪ್ಪ ಜೇಬಿನಿಂದ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡ. ಅಕ್ಕಿಕಾಳಿನಷ್ಟು ಬಾಯಿಯೊಳಗೆ ಗುಲಾಬಿ ಒಸಡು. ಒಸಡಿನ ಮೇಲೆ ಒಂದೊಂದಾಗಿ ಬಿಳಿ ಚುಕ್ಕೆ. ಒಂದು ಮಾತ್ರ ಹೊಂಬಣ್ಣ.

"ಚಿನ್ನದ ಹಲ್ಲು," ಎಂದ ಅವನು. "ಅಪ್ಪನ ಅಂಗಡಿಯಿಂದ ಚಿನ್ನದ ಬಣ್ಣ ಕದ್ದು ಹಚ್ಚಿದ್ದೆ."

"ಆ ಚಿನ್ನದ ಹಲ್ಲಿಗೇ ಇವರು ಮರುಳಾಗಿದ್ದು. 'ಡ್ರ್ಯಾಗನ್‌ಗೆ ಹಲ್ಲು ಕಟ್ಟಿಸೋ ಅಷ್ಟು ಪ್ರೀತಿ ಇರೋ ಹುಡುಗ ಕಣೇ! ಸಿಕ್ಕಿದ್ದಿದ್ರೆ ನನ್ನ ಪಕ್ಕದ ಕುರ್ಚಿ ಕೊಡ್ತಿದ್ದೆ' ಅನ್ನೋರು."

ಡಾಕ್ಟರಮ್ಮ ಮೂಗು ಒರೆಸಿಕೊಂಡು, "ನಾನೂ ಕೆಲಸ ಕೊಡ್ತಿದ್ದೆ" ಎಂದರು.

ಲಾಂಡ್ರಿಯಕ್ಕ ಮೇಜಿನ ಕಡೆ ಕೈ ತೋರಿಸಿದಳು. "ಕೋಟು ಹೋಯ್ತು. ಇವಾದ್ರೂ ತಗೊಂಡು ಹೋಗಿ. ನಲವತ್ತಮೂರೂ ಇವೆ. ರಸೀದಿ ಬೇಡ."

"ಛೆ, ಇದು ಹಲ್ಲಣ್ಣನ ಸೈನ್ಯ ಅಕ್ಕಾ. ನಂದು ಇದೊಂದೇ." ವಾಚಪ್ಪ ಡ್ರ್ಯಾಗನ್ನಿನ ಮೇಲೆ ಬೆರಳಿಟ್ಟ. "ಮುಂದಿನ ತಿಂಗಳು ಪ್ರದರ್ಶನ. ಎಲ್ಲವನ್ನೂ ಬೀರುವಿನಲ್ಲಿ ಇಡ್ತೀನಿ, ನಡುವಿನ ಹಲಗೇಲಿ. ನನ್ನವು ಕೆಳಗಿನ ಹಲಗೇಲಿ ಇರಲಿ."

"ಹಾಗಾದ್ರೆ ಈ ಹನ್ನೆರಡು ಮುಗೀಬೇಕಲ್ಲ," ಎಂದಳು ಲಾಂಡ್ರಿಯಕ್ಕ. "ಕೊನೇ ಹಸಿರು ಬಾಕಿ. ಹಸಿ ಇರುವಾಗಲೇ ಸಿಡಿಸ್ಬೇಕು, ಒಣಗಿದ್ರೆ ಕೂಡ್ಕೊಳ್ಳಲ್ಲ. ಮೊನ್ನೆ ಅದನ್ನೇ ಹೇಳ್ತಾ ಹೋದ್ರು. 'ಬಣ್ಣ ಸ್ವಲ್ಪ ಬಿಗಿಯಾಗ್ಲಿ, ಅಲ್ಲೀವರೆಗೂ ಒಂಚೂರು ಕಣ್ಮುಚ್ತೀನಿ' ಅಂದು ಕುರ್ಚಿಗೊರಗಿದ್ರು."

ಯಾರು ಮಾಡುವುದೆಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಡಾಕ್ಟರಮ್ಮ ಅಳಿಯನನ್ನು ಕಾರಿಗೆ ಓಡಿಸಿ ಹಲ್ಲುಜ್ಜುವ ಹೊಸ ಬ್ರಷ್ಷುಗಳ ಡಬ್ಬಿ ತರಿಸಿದರು. ಮಗಳು ಹಸಿರು ಬಣ್ಣ ತೆಳು ಮಾಡಿದಳು. ಪ್ಲಂಬರ್ ಮೊದಲು ಹೊಡೆದ. ಹನಿಯೆಲ್ಲ ಗೋಡೆಗೆ ಹೋಯಿತು. ಎಲ್ಲರೂ ಹೋ ಎಂದರು. ಆಮೇಲೆ ಬ್ರಷ್ಷು ವಾಚಪ್ಪನ ಕೈಗೆ ಬಂತು.

ಅವನು ಮಸೂರ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಬ್ರಷ್ಷನ್ನು ಮೊದಲ ಕುಬ್ಜನ ಹೆಗಲಿಗೆ ಗುರಿಯಿಟ್ಟ. ಹಾಗೇ ಅರ್ಧ ನಿಮಿಷ ನಿಂತ. ಹೆಬ್ಬೆರಳು ಅಲುಗಲಿಲ್ಲ.

"ನೋಡ್ತಾ ಹೊಡೆದ್ರೆ ಕೈ ಹೆದರುತ್ತಂತೆ," ಎಂದಳು ಲಾಂಡ್ರಿಯಕ್ಕ. "ಇವರು ಕಣ್ಣು ಮುಚ್ಕೊಂಡೇ ಹೊಡೀತಿದ್ರು."

ವಾಚಪ್ಪ ಮಸೂರ ತೆಗೆದು ಮಗಳ ಕೈಗೆ ಕೊಟ್ಟ. ಕಣ್ಣು ಮುಚ್ಚಿದ. ಹೆಬ್ಬೆರಳು ಎಳೆಗಳ ಮೇಲೆ ಸರ್ರನೆ ಹರಿಯಿತು. ಹಸಿರು ಹನಿ ಕುಬ್ಜರ ಮೇಲೆ ಬಿತ್ತು, ಹಳೇ ಬಾಗಿಲಿನ ಮೇಲೆ ಬಿತ್ತು, ಅಳಿಯನ ಟೀ ಲೋಟದೊಳಗೆ ಬಿತ್ತು, ವಾಚಪ್ಪನದೇ ಇಸ್ತ್ರಿಯ ಬಿಳಿ ಅಂಗಿಯ ತೋಳಿನುದ್ದಕ್ಕೂ ಬಿತ್ತು. ಯಾರೋ ಚಪ್ಪಾಳೆ ತಟ್ಟಿದರು. "ನೋಡಿ ಮಾಮ, ಕಣ್ಣು ಬಿಟ್ಟು ನೋಡಿ!" ಎಂದಳು ಮಗಳು.

ಅವನು ಕಣ್ಣು ಬಿಡಲಿಲ್ಲ. ಮುಚ್ಚಿದ ಕಣ್ಣಿನಲ್ಲೇ, ಬಾಯಿ ತುಂಬ ನಗುತ್ತಾ, ಬಣ್ಣದ ಬಟ್ಟಲು ಎಲ್ಲಿದೆಯೆಂದು ಎಡಗೈಯಿಂದ ಮೇಜಿನ ಮೇಲೆ ತಡಕಾಡುತ್ತಿದ್ದ.